ಟಿಬೆಟ್ ಫುಟ್‌ಬಾಲ್ ತಂಡ ನಮ್ಮ ಪಕ್ಕದಲ್ಲೇ ಬೆಳೆಯುತ್ತಿದೆ, ನಾವ್ಯಾಕೆ ನೋಡಿಲ್ಲ?

ಹಾರಂಗಿ ಹುಡುಗ

ಬೈಲಕುಪ್ಪೆ ಅಂದ ತಕ್ಷಣ ನಮ್ಮವರಿಗೆ ಗೋಲ್ಡನ್ ಟೆಂಪಲ್ ನೆನಪಾಗುತ್ತದೆ. ಆಮೇಲೆ ಮೊಮೊ. ಮಾತು ಅಲ್ಲಿಗೇ ನಿಂತುಹೋಗುತ್ತದೆ. ಟಿಬೆಟ್‌ಗೆ ಒಂದು ಫುಟ್‌ಬಾಲ್ ತಂಡ ಇದೆ, ಅದು ಡೆನ್ಮಾರ್ಕ್, ಜರ್ಮನಿ, ಇಂಗ್ಲೆಂಡಿಗೆ ಹೋಗಿ ಆಡಿ ಬಂದಿದೆ, ಅದರ ಆಟಗಾರರಲ್ಲಿ ಹೆಚ್ಚಿನವರು ಬೆಳೆಯುವುದು ಭಾರತ, ನೇಪಾಳದ ಟಿಬೆಟಿಯನ್ ನಿರಾಶ್ರಿತರ ಕ್ಯಾಂಪ್‌ಗಳಲ್ಲಿ. ಇದು ಕುಶಾಲನಗರದಲ್ಲೇ ಎಷ್ಟೋ ಜನಕ್ಕೆ ಗೊತ್ತಿಲ್ಲ.

ಜಗತ್ತಿನ ಫುಟ್‌ಬಾಲ್ ಒಕ್ಕೂಟವಾದ ಫಿಫಾದಲ್ಲಿ 211 ಸದಸ್ಯರಿದ್ದಾರೆ. ಟಿಬೆಟ್ ಇಲ್ಲ. ಏಷ್ಯಾ ಒಕ್ಕೂಟದಲ್ಲೂ ಇಲ್ಲ. ಹಾಗಾಗಿ ವಿಶ್ವಕಪ್ ಅರ್ಹತಾ ಪಂದ್ಯ ಇಲ್ಲ, ರ‍್ಯಾಂಕಿಂಗ್ ಇಲ್ಲ, ಅನುದಾನ ಇಲ್ಲ. ಆದರೂ ತಂಡ ಕಟ್ಟುತ್ತಾರೆ, ಅಭ್ಯಾಸ ಮಾಡುತ್ತಾರೆ, ಸೋತು ಬಂದರೂ ಮುಂದಿನ ಟೂರ್ನಿಗೆ ಮತ್ತೆ ಸೇರುತ್ತಾರೆ.

1960ರಲ್ಲಿ ಆಗಿನ ಮೈಸೂರು ಸರ್ಕಾರ ಸುಮಾರು 3,000 ಎಕರೆ ಕೊಟ್ಟು ಟಿಬೆಟಿಯನ್ ನಿರಾಶ್ರಿತರನ್ನು ಬೈಲಕುಪ್ಪೆಯಲ್ಲಿ ನೆಲೆ ನಿಲ್ಲಿಸಿತು. ಆಮೇಲೆ ಮುಂಡಗೋಡ, ಹುಣಸೂರು, ಕೊಳ್ಳೇಗಾಲ. ಅರವತ್ತು ವರ್ಷ ದಾಟಿತು. ಇಷ್ಟು ವರ್ಷದಲ್ಲಿ ಅವರ ಒಂದು ಪಂದ್ಯಕ್ಕಾದರೂ ನಾವು ಹೋಗಿ ಕೂತಿದ್ದೀವಾ? ಈ ತಂಡದ ಬಗ್ಗೆ ಗೊತ್ತಿರುವವರು ಬರೆಯಿರಿ. ಇವರಿಗೆ ನಮ್ಮ ಕಡೆಯಿಂದ ಏನಾದರೂ ಮಾಡಬಹುದಾ ಅನ್ನೋದು ನನ್ನ ನಿಜವಾದ ಪ್ರಶ್ನೆ.

ಮೈದಾನದ ಮೂಲೆ, ಹುಬ್ಬಳ್ಳಿ

ಒಳ್ಳೇ ವಿಷಯ ಎತ್ತಿದ್ದೀರಿ. ನಾನು ಮಕ್ಕಳಿಗೆ ಫುಟ್‌ಬಾಲ್ ಹೇಳಿಕೊಡುತ್ತೇನೆ, ಮುಂಡಗೋಡದ ಹುಡುಗರ ಆಟ ನೋಡಿದ್ದೇನೆ. ಸ್ವಲ್ಪ ಹಿಂದಿನಿಂದ ಹೇಳ್ತೀನಿ.

ಲಾಸಾದಲ್ಲಿ ಫುಟ್‌ಬಾಲ್ 1930ರ ದಶಕದಲ್ಲೇ ಇತ್ತು. 1936ರಲ್ಲಿ ಅಲ್ಲಿಗೆ ಹೋದ ಬ್ರಿಟಿಷ್ ನಿಯೋಗದವರು ‘ಮಿಷನ್ ಮಾರ್ಮಟ್ಸ್’ ಅಂತ ತಂಡ ಮಾಡಿಕೊಂಡಿದ್ದರು. ಎದುರಿಗೆ ‘ಲಾಸಾ ಯುನೈಟೆಡ್’. ಹನ್ನೆರಡು ಸಾವಿರ ಅಡಿ ಎತ್ತರದಲ್ಲಿ ಆಟ. ಆಮೇಲೊಂದು ದಿನ ಪಂದ್ಯದ ಮಧ್ಯೆ ಆಲಿಕಲ್ಲು ಮಳೆ ಬಿತ್ತು, ಅಪಶಕುನ ಅಂತ ಆಟವನ್ನೇ ನಿಲ್ಲಿಸಿಬಿಟ್ಟರು ಅಂತ ಕಥೆ ಹೇಳುತ್ತಾರೆ.

ಈಗಿನ ತಂಡದ ಬೇರು ಬೇರೆ. 1981ರಲ್ಲಿ ದಲೈ ಲಾಮಾ ಅವರ ತಾಯಿಯ ನೆನಪಿಗೆ ಒಂದು ಗೋಲ್ಡ್ ಕಪ್ ಶುರುವಾಯಿತು, ಗ್ಯಾಲ್ಯುಮ್ ಚೆನ್ಮೊ ಸ್ಮಾರಕ ಕಪ್. ಒಂದೊಂದು ಕ್ಯಾಂಪಿಗೂ ಒಂದೊಂದು ತಂಡ. ಅಲ್ಲಿ ಚೆನ್ನಾಗಿ ಆಡಿದವರೇ ಮುಂದೆ ಟಿಬೆಟ್ ಜೆರ್ಸಿ ಹಾಕುತ್ತಾರೆ. ಕೊಡಗಿನವರಿಗೆ ಇದು ಬೇಗ ಅರ್ಥವಾಗುತ್ತೆ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬ ಹೇಗೋ ಇದೂ ಹಾಗೆ. ಯಾವ ಅಂತಾರಾಷ್ಟ್ರೀಯ ಒಕ್ಕೂಟವೂ ಬಂದು ಮುದ್ರೆ ಒತ್ತಿಲ್ಲ, ಆದರೆ ಆ ದಿನಗಳಲ್ಲಿ ಇಡೀ ಜನ ಮೈದಾನದ ಸುತ್ತಲೇ.

ದೊಡ್ಡ ಸುದ್ದಿಯಾದದ್ದು 2001ರ ಜೂನ್ 30. ಕೋಪನ್‌ಹೇಗನ್‌ನ ವಾನ್ಲೋಸೆ ಮೈದಾನ, ಎದುರಾಳಿ ಗ್ರೀನ್‌ಲ್ಯಾಂಡ್. ಪಂದ್ಯ ನಡೆಯಬಾರದು ಅಂತ ಚೀನಾ ಒತ್ತಡ ಹಾಕಿತು. ಗ್ರೀನ್‌ಲ್ಯಾಂಡಿನಿಂದ ಸೀಗಡಿ ಕೊಳ್ಳುವುದನ್ನೇ ನಿಲ್ಲಿಸಬಹುದು ಅನ್ನುವ ಸುದ್ದಿ ಹಬ್ಬಿತ್ತು. ಮೀನು, ಸೀಗಡಿ ಮಾರಿಯೇ ಬದುಕುವ ನಾಡು ಅದು. ಆದರೂ ಗ್ರೀನ್‌ಲ್ಯಾಂಡಿನವರು ಹಿಂದೆ ಸರಿಯಲಿಲ್ಲ. ಮೊದಲ ಗೋಲು ಹೊಡೆದದ್ದು ಟಿಬೆಟ್! ಕೊನೆಗೆ 4–1ರಿಂದ ಸೋತರು. ಆ ಮೊದಲ ಗೋಲಿನ ಮಾತು ಬಂದರೆ ಮುಂಡಗೋಡದ ಹಿರಿಯರು ಇವತ್ತಿಗೂ ಎದ್ದು ನಿಂತು ಮಾತಾಡ್ತಾರೆ.

ಸಂಜೆ ಆಟ, ಪಿರಿಯಾಪಟ್ಟಣ

ಎಲ್ಲಾ ಸರಿ ಸರ್. ಒಂದು ಮಾತು ನೇರವಾಗಿ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಹೋದಲ್ಲೆಲ್ಲ ಸೋತು ಬರುವ ತಂಡಕ್ಕೆ ಮಾನ್ಯತೆ ಯಾಕೆ ಬೇಕು? ಆಟ ಆಟವಾಗಿರಲಿ, ಅದರೊಳಗೆ ರಾಜಕೀಯ ತಂದರೆ ಕೊನೆಗೆ ನಷ್ಟ ಹುಡುಗರಿಗೇ ಅಲ್ವಾ?

ಮೈದಾನದ ಮೂಲೆ, ಹುಬ್ಬಳ್ಳಿ

ಬೇಜಾರೇನಿಲ್ಲ ತಮ್ಮಾ, ಕೇಳಬೇಕಾದ ಪ್ರಶ್ನೆಯೇ. ಉತ್ತರಕ್ಕೆ ಭೂತಾನ್ ನೋಡು.

2000ನೇ ಇಸವಿ ಫೆಬ್ರವರಿಯಲ್ಲಿ ಭೂತಾನ್ ಕುವೈತ್ ಎದುರು 20–0ರಿಂದ ಸೋತಿತು. ಇಪ್ಪತ್ತು ಗೋಲು. ಅದೇ ವರ್ಷ ಅವರು ಫಿಫಾ ಸದಸ್ಯರಾದರು. ಎರಡು ವರ್ಷ ಬಿಟ್ಟು, ವಿಶ್ವಕಪ್ ಫೈನಲ್ ನಡೆದ ದಿನವೇ ಥಿಂಪುವಿನಲ್ಲಿ ಮಾಂಟ್ಸೆರಾಟ್ ತಂಡವನ್ನು 4–0ರಿಂದ ಸೋಲಿಸಿದರು. 2015ರಲ್ಲಿ ವಿಶ್ವಕಪ್ ಅರ್ಹತಾ ಪಂದ್ಯಗಳಲ್ಲಿ ಶ್ರೀಲಂಕಾವನ್ನು ಎರಡು ಸಲ ಸೋಲಿಸಿದರು, ಅಲ್ಲಿ 1–0, ತಮ್ಮ ಮನೆಯಲ್ಲಿ 2–1. ಹುಡುಗರು ಅದೇ ಹಿಮಾಲಯದವರು, ಅದೇ ಗಾಳಿ ಕುಡಿದವರು. ವ್ಯತ್ಯಾಸ ಎಲ್ಲಿ ಬಂತು? ಸದಸ್ಯತ್ವ ಸಿಕ್ಕಿದ್ದರಿಂದ ಕೋಚ್ ಬಂದರು, ಕೃತಕ ಹುಲ್ಲಿನ ಮೈದಾನ ಬಂತು, ವರ್ಷಕ್ಕೆ ಇಷ್ಟು ಪಂದ್ಯ ಅಂತ ಖಾತ್ರಿಯಾಯಿತು.

ಫಿಫಾ ಈಗ 2023ರಿಂದ 2026ರ ನಾಲ್ಕು ವರ್ಷಕ್ಕೆ ಒಂದೊಂದು ಸದಸ್ಯ ಸಂಸ್ಥೆಗೆ 80 ಲಕ್ಷ ಡಾಲರ್‌ವರೆಗೆ ಕೊಡುತ್ತದೆ. ಟಿಬೆಟ್‌ಗೆ ಅದರಲ್ಲಿ ಒಂದು ಡಾಲರ್ ಬರುವುದಿಲ್ಲ. ಗೆದ್ದು ತೋರಿಸಿ, ಆಮೇಲೆ ಸೇರಿಸಿಕೊಳ್ತೀವಿ ಅಂತ ಫಿಫಾ ಯಾರಿಗೂ ಹೇಳಿಲ್ಲ. ಸ್ಯಾನ್ ಮರೀನೊ 2004ರಲ್ಲಿ ಒಂದು ಪಂದ್ಯ ಗೆದ್ದಿತ್ತು, ಮುಂದಿನದಕ್ಕೆ 2024ರವರೆಗೆ ಕಾಯಿತು. ಅವರ ಸದಸ್ಯತ್ವವನ್ನು ಯಾರೂ ಪ್ರಶ್ನೆ ಮಾಡಲಿಲ್ಲ. ಮಾಡಲೂಬಾರದು. ಸೋಲುವುದಕ್ಕೂ ಎಲ್ಲರಿಗೂ ಸಮನಾದ ಅವಕಾಶ ಇರಬೇಕು.

ಲಂಡನ್ ಕನ್ನಡತಿ

2018ರಲ್ಲಿ ಲಂಡನ್‌ನಲ್ಲಿ ಕೊನಿಫಾ ವಿಶ್ವಕಪ್ ನಡೆದಾಗ ಟಿಬೆಟ್ ಆಡಿದ್ದನ್ನು ನಾನು ನೋಡಿದ್ದೇನೆ, ಅದಕ್ಕೇ ಬರೆಯುತ್ತಿದ್ದೇನೆ. ಕೊನಿಫಾ ಅಂದರೆ ಫಿಫಾದಲ್ಲಿ ಜಾಗ ಸಿಗದ ಜನಗಳ ತಂಡಗಳಿಗಾಗಿ 2013ರಲ್ಲಿ ಹುಟ್ಟಿದ ಒಕ್ಕೂಟ. ಮೊದಲ ಕಪ್ 2014ರಲ್ಲಿ ಸ್ವೀಡನ್‌ನ ಓಸ್ಟರ್‌ಸುಂಡ್‌ನಲ್ಲಿ, ಎರಡನೆಯದು 2016ರಲ್ಲಿ ಅಬ್ಖಾಜಿಯಾದಲ್ಲಿ. ಪಂಜಾಬಿಗಳ ತಂಡ, ತಮಿಳ್ ಈಳಂ ತಂಡ ಕೂಡ ಇದರಲ್ಲಿ ಆಡುತ್ತವೆ.

ಮೈದಾನಗಳು ಚಿಕ್ಕವು, ನಮ್ಮ ತಾಲ್ಲೂಕು ಕ್ರೀಡಾಂಗಣದಷ್ಟು. ಬೇಲಿಗೆ ಒರಗಿ ನಿಂತರೆ ಆಟಗಾರರ ಉಸಿರು ಕೇಳಿಸುತ್ತದೆ. ಟಿಬೆಟಿಯನ್ ಕುಟುಂಬಗಳು ಅಜ್ಜಿ, ಮೊಮ್ಮಕ್ಕಳ ಸಮೇತ ಬಂದಿದ್ದವು. ಹಿರಿಯ ಹೆಂಗಸರು ಚುಪಾ ಅನ್ನುವ ಉದ್ದ ನಿಲುವಂಗಿ ಉಟ್ಟು, ಮುಂದೆ ಪಾಂಗ್ಡೆನ್ ಅನ್ನುವ ಪಟ್ಟೆಯ ಏಪ್ರನ್ ಕಟ್ಟಿದ್ದರು. ಬಾವುಟ ಹಿಡಿದು ‘ಭೋ ಗ್ಯಾಲೊ’, ಅಂದರೆ ಟಿಬೆಟ್‌ಗೆ ಜಯವಾಗಲಿ, ಅಂತ ಕೂಗುತ್ತಿದ್ದರು. ಗೋಲು ಬಿಟ್ಟಾಗಲೂ ಕೂಗು ನಿಲ್ಲಲಿಲ್ಲ. ಪಂದ್ಯ ಮುಗಿದ ಮೇಲೆ ಆಟಗಾರರು ಬೇಲಿ ಹತ್ತಿರ ಬಂದರು. ಒಬ್ಬ ಅಜ್ಜಿ ಒಬ್ಬೊಬ್ಬರ ಕೊರಳಿಗೂ ಗೌರವದ ಬಿಳಿ ಶಾಲು, ಖತಾ, ಹಾಕಿದರು. ಗೋಲ್‌ಕೀಪರ್ ಕೈಗವಸು ಬಿಚ್ಚಿ, ಎರಡೂ ಕೈಯಲ್ಲಿ ಆ ಬಟ್ಟೆಯ ತುದಿ ಹಿಡಿದು ತಲೆ ಬಗ್ಗಿಸಿ ನಿಂತ. ಬೆವರಿಗೆ ಬಟ್ಟೆ ಕತ್ತಿಗೆ ಅಂಟಿಕೊಂಡಿತ್ತು.

ಸೋಲಿನ ಮಾತು ಬಂತಲ್ಲ, ಅದಕ್ಕೆ ಇದನ್ನೂ ಹೇಳಬೇಕು. ಆ ಸಲ ಅವರಿಗೆ ಸಿಕ್ಕ ಗುಂಪು ನೋಡಿ: 2016ರ ಚಾಂಪಿಯನ್ ಅಬ್ಖಾಜಿಯಾ, ಉತ್ತರ ಸೈಪ್ರಸ್, ಉಕ್ರೇನ್‌ನ ಹಂಗೇರಿಯನ್ನರ ತಂಡ ಕಾರ್ಪಾತ್‌ಅಲ್ಯಾ. ಫೈನಲ್‌ಗೆ ಹೋದದ್ದು ಈ ಕೊನೆಯ ಇಬ್ಬರೇ. ಪೆನಾಲ್ಟಿಯಲ್ಲಿ ಕಾರ್ಪಾತ್‌ಅಲ್ಯಾ ಗೆದ್ದಿತು. ಹೀಗಿರುವಾಗ ಮೂರೂ ಪಂದ್ಯ ಸೋತರು ಅಂದರೆ ಅದರಲ್ಲಿ ತಲೆ ತಗ್ಗಿಸುವುದು ಏನೂ ಇಲ್ಲ.

ಆ ಟೂರ್ನಿಗೆ ಪ್ರಾಯೋಜಕರನ್ನು ಹುಡುಕುವಾಗ ಟಿಬೆಟ್ ಇದೆ ಅನ್ನುವ ಕಾರಣಕ್ಕೇ ಕೆಲವರು ಹಿಂಜರಿದರು ಅಂತ ಸಂಘಟಕರೇ ಆಗ ಹೇಳಿದ್ದರು. ಟಿಬೆಟ್ ಬಿಟ್ಟರೆ ದುಡ್ಡು ಸಿಗುತ್ತಿತ್ತು. ಅವರು ಬಿಡಲಿಲ್ಲ.

ನಾಲ್ಕನೇ ಕ್ಯಾಂಪ್

ನಮಸ್ಕಾರ. ನಾನು ಬೈಲಕುಪ್ಪೆಯವಳು. ಇಲ್ಲೇ ಹುಟ್ಟಿದ್ದು, ಇಲ್ಲೇ ಓದಿದ್ದು. ಮನೆಯಲ್ಲಿ ಟಿಬೆಟಿಯನ್, ಸಂತೆಯಲ್ಲಿ ಕನ್ನಡ. ನಮ್ಮ ತಂಡದ ಬಗ್ಗೆ ಕನ್ನಡದಲ್ಲಿ ಇಷ್ಟು ಓದಿದ್ದು ಇದೇ ಮೊದಲು, ಖುಷಿಯಾಯಿತು.

ಎಲ್ಲರೂ ಫಿಫಾ ಅಂತ ಬರೆದಿದ್ದೀರಿ. ನಮಗೆ ಅದಕ್ಕಿಂತ ಮುಂಚೆ ಎದುರಾಗುವುದು ಕಾಗದ. ನಮ್ಮ ಹತ್ತಿರ ಆರ್‌ಸಿ, ಅಂದರೆ ನೋಂದಣಿ ಪತ್ರ ಇರುತ್ತದೆ, ಅದು ಇಲ್ಲಿ ಇರುವುದಕ್ಕೆ. ಅದನ್ನು ಆಗಾಗ ನವೀಕರಿಸಬೇಕು. ಹೊರದೇಶಕ್ಕೆ ಹೋಗಲು ಐಸಿ ಅನ್ನುವ ಗುರುತಿನ ಪತ್ರ, ಹಳದಿ ಪುಸ್ತಕ. ಪಾಸ್‌ಪೋರ್ಟ್ ಅಲ್ಲ. ವಿಮಾನ ನಿಲ್ದಾಣದ ಕೌಂಟರಿನಲ್ಲಿ ಅದನ್ನು ಕೊಟ್ಟರೆ ಅಲ್ಲಿರುವವರು ಎರಡು ಸಲ ತಿರುಗಿಸಿ ನೋಡಿ ಇನ್ನೊಬ್ಬರನ್ನು ಕರೆಯುತ್ತಾರೆ. ಹೋಗುವುದಕ್ಕೆ ಅನುಮತಿ ಬೇಕು, ವಾಪಸ್ ಬರುವುದಕ್ಕೂ ಮುದ್ರೆ ಬೇಕು. ಅದೆಲ್ಲ ಆದ ಮೇಲೆ ಆ ದೇಶದ ವೀಸಾ.

ನಮ್ಮ ಚಿಕ್ಕಪ್ಪನ ಮಗ ಒಳ್ಳೇ ಡಿಫೆಂಡರ್. ಒಂದು ಸಲ ತಂಡದ ಶಿಬಿರಕ್ಕೆ ಕರೆ ಬಂತು. ಒಂದು ಕಚೇರಿಯಲ್ಲಿ ಅವನ ಅರ್ಜಿ ಕೂತೇ ಇತ್ತು. ಇವತ್ತು ಬಾ, ಸೋಮವಾರ ಬಾ ಅಂತ ಅಲೆದಾಡಿಸಿದರು. ಕಾಗದ ಕೈಗೆ ಬಂದಾಗ ತಂಡ ಹೋಗಿಯಾಗಿತ್ತು. ಈಗ ಅವನು ಚಳಿಗಾಲದಲ್ಲಿ ದಾವಣಗೆರೆಯಲ್ಲಿ ಸ್ವೆಟರ್ ಮಾರುತ್ತಾನೆ. ಆಟ ಬಿಟ್ಟಿಲ್ಲ, ಕ್ಯಾಂಪ್ ತಂಡಕ್ಕೆ ಈಗಲೂ ಆಡುತ್ತಾನೆ.

ಹುಡುಗಿಯರ ವಿಷಯ ಯಾರೂ ಎತ್ತಲಿಲ್ಲ, ನಾನೇ ಹೇಳುತ್ತೇನೆ. ನಮಗೂ ತಂಡ ಇದೆ. 2017ರಲ್ಲಿ ಅಮೆರಿಕದ ಡಲ್ಲಾಸ್ ಟೂರ್ನಿಗೆ ಆಹ್ವಾನ ಇತ್ತು, ವೀಸಾ ಕೊಡಲಿಲ್ಲ. ಆ ಹುಡುಗಿಯರು ಆಟ ನಿಲ್ಲಿಸಲಿಲ್ಲ. 2024ರಲ್ಲಿ ನಾರ್ವೆಯ ಬೋಡೊದಲ್ಲಿ ಕೊನಿಫಾ ಮಹಿಳಾ ವಿಶ್ವಕಪ್‌ನಲ್ಲಿ ಟಿಬೆಟ್ ಆಡಿತು. ಸ್ಕೋರ್ ನೋಡಬೇಡಿ, ಬೋಡೊವರೆಗೆ ಹೋದದ್ದು ನೋಡಿ.

ರಾಜಕೀಯ ಅಂದಿರಿ ಅಣ್ಣಾ. ನಾವು ಬಾವುಟ ಹಿಡಿದರೆ ಅದು ರಾಜಕೀಯ ಆಗುತ್ತೆ, ಹಿಡಿಯದಿದ್ದರೆ ನಾವು ಯಾರು ಅಂತ ಯಾರಿಗೂ ಗೊತ್ತಾಗಲ್ಲ. ಏನು ಮಾಡೋದು ಹೇಳಿ?

ಸಂಜೆ ಆಟ, ಪಿರಿಯಾಪಟ್ಟಣ

ಅಕ್ಕಾ, ನೀವು ಬರೆದದ್ದು ಪೂರ್ತಿ ಓದಿದೆ. ಕಾಗದದ ಕಷ್ಟ ಇಷ್ಟಿದೆ ಅಂತ ನಮಗೆ ಪಕ್ಕದಲ್ಲಿದ್ದೂ ಗೊತ್ತಿರಲಿಲ್ಲ. ಇಲ್ಲೇ ಹುಟ್ಟಿದವರು ಭಾರತ ತಂಡಕ್ಕೇ ಆಡಬಹುದಲ್ಲ, ಆ ದಾರಿ ಇಲ್ವಾ?

ಕರಿಕೋಟು, ಮೈಸೂರು

ಆ ದಾರಿ ಯಾಕೆ ಕಷ್ಟ ಅಂತ ನಾನು ಹೇಳ್ತೀನಿ, ಕಾನೂನೇ ನನ್ನ ಕೆಲಸ.

ಭಾರತ ತಂಡಕ್ಕೆ ಆಡಲು ಭಾರತದ ಪಾಸ್‌ಪೋರ್ಟ್ ಬೇಕು. 2008ರಿಂದ ಸರ್ಕಾರ ಅದನ್ನು ಕಡ್ಡಾಯ ಮಾಡಿದೆ. ಪಾಸ್‌ಪೋರ್ಟಿಗೆ ನಾಗರಿಕತ್ವ ಬೇಕು. ಕಾನೂನಿನ ಪ್ರಕಾರ 1950ರ ಜನವರಿ 26ರಿಂದ 1987ರ ಜುಲೈ 1ರೊಳಗೆ ಇಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ನಾಗರಿಕರು. ಟಿಬೆಟಿಯನ್ನರಿಗೂ ಇದು ಅನ್ವಯಿಸುತ್ತದೆ ಅಂತ 2010ರಲ್ಲಿ ದೆಹಲಿ ಹೈಕೋರ್ಟ್ ಹೇಳಿತು, 2013ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಕೂಡ ಹೇಳಿತು. ಆದರೆ ಲೆಕ್ಕ ಹಾಕಿ. 1987ಕ್ಕೆ ಮುಂಚೆ ಹುಟ್ಟಿದವರಿಗೆ ಈಗ ನಲವತ್ತರ ಹತ್ತಿರ. ಓಡುವ ವಯಸ್ಸಿನ ಹುಡುಗರೆಲ್ಲ ಆಮೇಲೆ ಹುಟ್ಟಿದವರು. ಅವರಿಗೆ ತಂದೆ ತಾಯಿಯಲ್ಲಿ ಒಬ್ಬರಾದರೂ ನಾಗರಿಕರಾಗಿರಬೇಕು. 2004ರ ಡಿಸೆಂಬರ್ ನಂತರ ಹುಟ್ಟಿದವರಿಗೆ ಇನ್ನೂ ಬಿಗಿ.

2017ರಲ್ಲಿ ಅರ್ಹರಿಗೆ ಪಾಸ್‌ಪೋರ್ಟ್ ಕೊಡುತ್ತೇವೆ ಅಂತ ಕೇಂದ್ರ ಹೇಳಿದಾಗ ಷರತ್ತುಗಳೂ ಬಂದವು. ಆರ್‌ಸಿ, ಐಸಿ ವಾಪಸ್ ಕೊಡಬೇಕು, ಕ್ಯಾಂಪಿನಲ್ಲಿ ವಾಸ ಇರಬಾರದು. ಅಂದರೆ ಪಾಸ್‌ಪೋರ್ಟ್ ಬೇಕಾದರೆ ಮನೆ, ನೆರೆಹೊರೆ ಬಿಡಬೇಕು. ಎಷ್ಟು ಜನ ಬಿಡ್ತಾರೆ?

ಇದರ ಜೊತೆಗೆ ಇನ್ನೊಂದು ಇದೆ. ಹೊರಗಿನ ತಂಡವೊಂದು ಬೈಲಕುಪ್ಪೆಗೇ ಬಂದು ಆಡಲಿ ಅಂದರೆ, ಅಲ್ಲಿ ತಂಗುವ ವಿದೇಶಿಯರಿಗೆ ಸಂರಕ್ಷಿತ ಪ್ರದೇಶದ ಅನುಮತಿ ಬೇಕು. ಗೃಹ ಸಚಿವಾಲಯದಿಂದ ಬರಬೇಕು. ಇವರು ಹೊರಗೆ ಹೋಗುವುದೂ ಕಷ್ಟ, ಹೊರಗಿನವರು ಒಳಗೆ ಬರುವುದೂ ಕಷ್ಟ.

ಗೋಲ್ ಕಂಬ

ಫಿಫಾ ನಿಯಮ ಬದಲಾಗದ ಕಲ್ಲು ಅಂತ ಮಾತ್ರ ತಿಳ್ಕೋಬೇಡಿ. 2006ರಲ್ಲಿ ಜರ್ಮನಿಯಲ್ಲಿ ವಿಶ್ವಕಪ್ ಶುರುವಾಗುವ ಹೊತ್ತಿಗೆ ಹ್ಯಾಂಬರ್ಗ್‌ನಲ್ಲಿ ಸೇಂಟ್ ಪೌಲಿ ಕ್ಲಬ್‌ನವರು ಇನ್ನೊಂದು ಟೂರ್ನಿ ಮಾಡಿದ್ದರು, ಮಾನ್ಯತೆ ಇಲ್ಲದವರಿಗಾಗಿ. ಟಿಬೆಟ್, ಗ್ರೀನ್‌ಲ್ಯಾಂಡ್, ಜಾಂಜಿಬಾರ್, ಜಿಬ್ರಾಲ್ಟರ್, ಉತ್ತರ ಸೈಪ್ರಸ್, ಜೊತೆಗೆ ಸೇಂಟ್ ಪೌಲಿಯವರದೇ ಒಂದು ತಂಡ.

ಆಮೇಲೆ ಏನಾಯಿತು ನೋಡಿ. ಜಿಬ್ರಾಲ್ಟರ್ ಸ್ಪೇನ್‌ನ ವಿರೋಧ ಎದುರಿಸಿ, ಕ್ರೀಡಾ ನ್ಯಾಯಮಂಡಳಿಗೆ ಹೋಗಿ ಹೋರಾಡಿ 2013ರಲ್ಲಿ ಯುರೋಪ್ ಒಕ್ಕೂಟವಾದ ಯುಯೆಫಾ, 2016ರ ಮೇನಲ್ಲಿ ಫಿಫಾ ಸೇರಿತು. ಅದೇ ದಿನ ಕೊಸೊವೊ ಕೂಡ. ಜಾಂಜಿಬಾರ್‌ಗೆ 2017ರ ಮಾರ್ಚ್‌ನಲ್ಲಿ ಆಫ್ರಿಕಾ ಒಕ್ಕೂಟ ಸದಸ್ಯತ್ವ ಕೊಟ್ಟಿತು, ಜುಲೈನಲ್ಲಿ ಕಿತ್ತುಕೊಂಡಿತು. ಒಂದು ದೇಶಕ್ಕೆ ಎರಡು ಸಂಸ್ಥೆ ಆಗಲ್ಲ ಅಂದರು. ಅದೇ ವರ್ಷದ ಕೊನೆಗೆ ಪೂರ್ವ, ಮಧ್ಯ ಆಫ್ರಿಕಾದ ಸೆಕಾಫಾ ಕಪ್‌ನಲ್ಲಿ ಜಾಂಜಿಬಾರ್ ಫೈನಲ್ ತಲುಪಿ ಕೀನ್ಯಾಗೆ ಪೆನಾಲ್ಟಿಯಲ್ಲಿ ಸೋತಿತು. ಗ್ರೀನ್‌ಲ್ಯಾಂಡ್ 2024ರಲ್ಲಿ ಉತ್ತರ ಅಮೆರಿಕದ ಒಕ್ಕೂಟಕ್ಕೆ ಅರ್ಜಿ ಹಾಕಿತು. 2025ರ ಜೂನ್‌ನಲ್ಲಿ ಬೇಡ ಅಂದರು.

ಡೆನ್ಮಾರ್ಕಿನದೇ ಭಾಗವಾದ ಫಾರೋ ದ್ವೀಪಗಳು 1988ರಲ್ಲೇ ಫಿಫಾ ಸದಸ್ಯ. 1990ರಲ್ಲಿ ಆಸ್ಟ್ರಿಯಾವನ್ನು 1–0ರಿಂದ ಸೋಲಿಸಿದರು. ಅದೇ ಡೆನ್ಮಾರ್ಕಿನ ಗ್ರೀನ್‌ಲ್ಯಾಂಡ್ ಹೊರಗೆ. ಮೊದಲೇ ಬಂದವರು ಒಳಗೆ, ತಡವಾದವರಿಗೆ ಬಾಗಿಲು ಹಾಕಿದೆ. ಈಗ ಸ್ವತಂತ್ರ ದೇಶ ಅಂತ ಜಗತ್ತು ಒಪ್ಪಿರಬೇಕು ಅನ್ನುವ ಷರತ್ತು ಇದೆ. ಟಿಬೆಟ್‌ಗೆ ಇದು ಎಲ್ಲರಿಗಿಂತ ಕಷ್ಟ, ಯಾಕಂದ್ರೆ ಏಷ್ಯಾ ಒಕ್ಕೂಟದೊಳಗೆ ಚೀನಾ ಕೂತಿದೆ. ಹತ್ತು ವರ್ಷದಲ್ಲಿ ಆಗುತ್ತೆ ಅಂತ ಸುಮ್ನೆ ಆಸೆ ಹುಟ್ಟಿಸಲು ನನಗೆ ಮನಸ್ಸಿಲ್ಲ.

ಹಾರಂಗಿ ಹುಡುಗ

ಎಲ್ಲರ ಮಾತು ಓದಿ ನನಗೆ ಒಂದು ಸ್ಪಷ್ಟವಾಯಿತು. ಫಿಫಾ ನಮ್ಮ ಕೈಯಲ್ಲಿಲ್ಲ. ಪಾಸ್‌ಪೋರ್ಟ್ ನಮ್ಮ ಕೈಯಲ್ಲಿಲ್ಲ. ಆದರೆ ಒಂದು ತಂಡಕ್ಕೆ ಮೊದಲು ಬೇಕಾಗಿರುವುದು ಜಾಸ್ತಿ ಪಂದ್ಯ, ಒಳ್ಳೆಯ ಎದುರಾಳಿ. ಟಿಬೆಟ್ ಆಟಗಾರರು ಬೇರೆ ಬೇರೆ ಕ್ಯಾಂಪಿನಿಂದ, ಬೇರೆ ದೇಶಗಳಿಂದ ಬಂದು ಟೂರ್ನಿಗೆ ಮುಂಚೆ ಕೆಲವು ದಿನ ಒಟ್ಟಿಗೆ ಅಭ್ಯಾಸ ಮಾಡ್ತಾರೆ. ಎದುರಾಳಿಗಳಲ್ಲಿ ಲೀಗ್ ಆಡಿ ಪಳಗಿದವರು ಎಷ್ಟೋ ಜನ. ಸ್ಕೋರ್ ಹಾಗೆ ಬರದೆ ಹೇಗೆ ಬರುತ್ತೆ?

ಕೊಡಗು, ಮೈಸೂರು ಕಡೆ ಬೇಸಿಗೆಯಲ್ಲಿ ಊರೂರಿಗೆ ಫುಟ್‌ಬಾಲ್ ಟೂರ್ನಮೆಂಟ್ ಇರುತ್ತೆ. ಸುಂಟಿಕೊಪ್ಪ, ಕುಶಾಲನಗರದ ಕಡೆ ಆಟ ಅಂದರೆ ಜನ ಪ್ರಾಣ ಬಿಡ್ತಾರೆ. ಈ ಟೂರ್ನಮೆಂಟ್‌ಗಳಿಗೆ ಬೈಲಕುಪ್ಪೆ, ಹುಣಸೂರು, ಕೊಳ್ಳೇಗಾಲದ ಕ್ಯಾಂಪ್ ತಂಡಗಳನ್ನು ತಪ್ಪದೆ ಕರೆಯೋಣ. ಊರ ಟೂರ್ನಮೆಂಟ್‌ಗೆ ಯಾವ ದೇಶ ಅಂತ ಯಾರೂ ಕೇಳುವುದಿಲ್ಲ. ಹಾಗೇ ನಮ್ಮ ತಂಡಗಳು ಅವರ ಮೈದಾನಕ್ಕೆ ಹೋಗಲಿ.

ಮುಂಡಗೋಡ ಮಳೆ

ನಮ್ಮ ಕಡೆ ಇದು ಅಲ್ಪಸ್ವಲ್ಪ ನಡೆದೇ ಇದೆ. ಶಿರಸಿ, ಹುಬ್ಬಳ್ಳಿ ಹುಡುಗರು ಬಂದು ಕ್ಯಾಂಪಿನವರ ಜೊತೆ ಆಡುತ್ತಾರೆ. ಅವರ ಹುಡುಗರು ಬಹಳ ಓಡುತ್ತಾರೆ, ಚೆಂಡು ನೆಲದ ಮೇಲೇ ಇಟ್ಟು ಪಾಸ್ ಕೊಡುತ್ತಾರೆ. ಗಾಳಿಯಲ್ಲಿ ಬಂದ ಚೆಂಡಿಗೆ ನಮ್ಮವರು ಮೇಲು. ಎರಡೂ ಕಡೆಯವರಿಗೂ ಕಲಿಯುವುದು ಇದೆ.

ಒಂದೇ ಮಾತು. ಕರೆದು ಒಂದು ಪಂದ್ಯ ಆಡಿಸಿ, ಶಾಲು ಹೊದಿಸಿ ಫೋಟೊ ತೆಗೆದು ಕಳಿಸಬೇಡಿ. ಎಲ್ಲ ತಂಡಗಳ ಹಾಗೆ ಎಂಟ್ರಿ ಫೀ ತಗೊಳ್ಳಿ, ಎಲ್ಲರ ಹಾಗೆ ಡ್ರಾದಲ್ಲಿ ಹಾಕಿ, ಸೋತರೆ ಮನೆಗೆ ಕಳಿಸಿ. ಅದು ಮರ್ಯಾದೆ.

ನಾಲ್ಕನೇ ಕ್ಯಾಂಪ್

ಮುಂಡಗೋಡದವರು ಹೇಳಿದ್ದು ಸರಿ. ನಮಗೆ ಕನಿಕರ ಬೇಡ, ಆಟ ಬೇಕು.

ಸಮಯದ ಬಗ್ಗೆ ಹೇಳ್ತೀನಿ. ಅಕ್ಟೋಬರಿನಿಂದ ಜನವರಿವರೆಗೆ ಕ್ಯಾಂಪ್ ಅರ್ಧ ಖಾಲಿ, ಎಲ್ಲರೂ ಸ್ವೆಟರ್ ವ್ಯಾಪಾರಕ್ಕೆ ಹೋಗಿರುತ್ತಾರೆ. ಫೆಬ್ರವರಿ ಇಲ್ಲವೇ ಮಾರ್ಚ್‌ನಲ್ಲಿ ಲೋಸಾರ್, ನಮ್ಮ ಹೊಸ ವರ್ಷ. ಜೂನ್ ಆದರೆ ಮಳೆ, ಮುಸುಕಿನ ಜೋಳದ ಕೆಲಸ. ಲೋಸಾರ್ ಮುಗಿದ ಮೇಲೆ, ಮಳೆಗೆ ಮುಂಚೆ ಇಡಿ, ಹುಡುಗರು ಖಂಡಿತ ಬರುತ್ತಾರೆ. ಹುಡುಗಿಯರಿಗೂ ಒಂದು ಪಂದ್ಯ ಇಡಿ. ನಿಮ್ಮ ಕಡೆ ತಂಡ ಆಗದಿದ್ದರೆ ಎರಡು ಕ್ಯಾಂಪಿನ ಹುಡುಗಿಯರೇ ಆಡಿ ತೋರಿಸುತ್ತಾರೆ.

ಸಂಜೆ ಆಟ, ಪಿರಿಯಾಪಟ್ಟಣ

ನಮ್ಮ ಊರಿನ ಟೂರ್ನಮೆಂಟ್ ಏಪ್ರಿಲ್‌ನಲ್ಲೇ ಬರೋದು. ಕಮಿಟಿಯಲ್ಲಿ ನಾನೂ ಇದ್ದೀನಿ. ಎರಡು ಕ್ಯಾಂಪ್ ತಂಡಕ್ಕೆ ಜಾಗ ಇಡಿಸುವುದು ನನ್ನ ಜವಾಬ್ದಾರಿ. ಹುಡುಗಿಯರ ಪಂದ್ಯ ಫೈನಲ್ ದಿನವೇ ಇಡೋಣ, ಆವತ್ತೇ ಜನ ಜಾಸ್ತಿ ಸೇರೋದು. ಅಕ್ಕಾ, ಅವರು ಟಿಬೆಟ್ ಜೆರ್ಸಿ ಹಾಕ್ಕೊಂಡು ಬರಬಹುದು ಅಂತ ಹೇಳಿಬಿಡಿ.

ಹಾರಂಗಿ ಹುಡುಗ

ಸೂಪರ್. ಕುಶಾಲನಗರದಿಂದ ಜನ ಕರ್ಕೊಂಡು ಬರೋದು ನಾನು ನೋಡ್ಕೋತೀನಿ. ಏಳು ಜನದ ಆಟವೋ ಹನ್ನೊಂದು ಜನದ್ದೋ ಅಂತ ಮೊದಲು ಹೇಳಿ. ಹನ್ನೊಂದೇ ಇಡಿ ಅನ್ನೋದು ನನ್ನ ಆಸೆ. ಅವರಿಗೆ ಬೇಕಾಗಿರೋದು ಪೂರ್ತಿ ಮೈದಾನದ ಅಭ್ಯಾಸ.